ಡಿಲೀಟ್, ಟ್ರಂಕೇಟ್, ಡ್ರಾಪ್: ಮೂರಕ್ಕೂ "ಅಳಿಸು" ಅಂದ್ರೆ ಸಾಕಾ?

ಎಲ್ಲರಿಗೂ ನಮಸ್ಕಾರ,

ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಅದರ ಪದಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಮಾಂಡ್‌ಗಳ ಹೆಸರನ್ನು ಹಾಗೇ ಬಿಡುವುದು ಅಂತ ತೀರ್ಮಾನವಾಗಿದೆ, ಅದರಲ್ಲಿ ತಕರಾರಿಲ್ಲ. ಅವು ಏನು ಮಾಡುತ್ತವೆ ಅಂತ ವಿವರಿಸುವ ಜಾಗದಲ್ಲೇ ತೊಡಕು. ಕರಡಿನಲ್ಲಿ ಡಿಲೀಟ್, ಟ್ರಂಕೇಟ್ ಎರಡಕ್ಕೂ "ಅಳಿಸು" ಅಂತಿದೆ. ಡ್ರಾಪ್‌ಗೆ ಒಂದು ಕಡೆ "ಅಳಿಸು", ಇನ್ನೊಂದು ಕಡೆ "ಬೀಳಿಸು".

"ಬೀಳಿಸು" ಬೇಡವೇ ಬೇಡ. ಬಿದ್ದದ್ದನ್ನು ಎತ್ತಿಕೊಳ್ಳಬಹುದು ಅನ್ನಿಸುತ್ತೆ, ಅಲ್ವಾ?

ಡಿಲೀಟ್ ಸಾಲುಗಳನ್ನು ತೆಗೆಯುತ್ತದೆ. ಯಾವ ಸಾಲು ಅಂತ ವೇರ್ ಹಾಕಿ ಹೇಳಬೇಕು. ಹೇಳದಿದ್ದರೆ ಟೇಬಲ್‌ನ ಅಷ್ಟೂ ಸಾಲು ಹೋಗುತ್ತದೆ, "ಖಂಡಿತಾನಾ?" ಅಂತ ಯಾರೂ ಕೇಳುವುದಿಲ್ಲ. ಆದರೆ ಕಮಿಟ್ ಆಗುವ (ಅಂದರೆ ಬದಲಾವಣೆ ಖಾಯಂ ಆಗುವ) ತನಕ ರೋಲ್‌ಬ್ಯಾಕ್‌ಗೆ, ಅಂದರೆ ಮಾಡಿದ್ದನ್ನು ರದ್ದು ಮಾಡಿ ಮೊದಲಿನಂತಾಗಿಸಲು, ಅವಕಾಶ ಇದೆ. ಕೈ ಪಳಗಿದವರು ಮಾಡುವುದು ಹೀಗೆ. ಮೊದಲು ಬಿಗಿನ್, ಅಂದರೆ ಟ್ರಾನ್ಸಾಕ್ಷನ್ (ಒಟ್ಟಿಗೇ ಖಾಯಂ ಆಗುವ ಅಥವಾ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು) ಶುರು. ಆಮೇಲೆ ಅದೇ ವೇರ್ ಇಟ್ಟುಕೊಂಡು ಸೆಲೆಕ್ಟ್ ಕೌಂಟ್ ಹಾಕಿ ಸಾಲು ಎಣಿಸುವುದು. 12 ಸಾಲು ಅಂತ ಬಂತು ಅನ್ನಿ. ಈಗ ಡಿಲೀಟ್. ಅದೂ 12 ಅಂದರೆ ಕಮಿಟ್, 12,000 ಅಂದರೆ ರೋಲ್‌ಬ್ಯಾಕ್. ಬಿಗಿನ್ ಮರೆತರೆ ಈ ಉಪಾಯ ನಡೆಯುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೂ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್‌ನಲ್ಲೂ ಆಟೋಕಮಿಟ್ (ಪ್ರತಿ ಕಮಾಂಡ್ ಮುಗಿದ ಕೂಡಲೇ ತಾನೇ ಕಮಿಟ್ ಆಗುವುದು) ಮೊದಲಿಂದಲೇ ಆನ್ ಆಗಿರುತ್ತದೆ.

ಟ್ರಂಕೇಟ್‌ಗೆ ವೇರ್ ಇಲ್ಲ. ಟೇಬಲ್ ಉಳಿಯುತ್ತದೆ, ಒಳಗಿನದ್ದೆಲ್ಲ ಹೋಗುತ್ತದೆ. ಇಲ್ಲೇ ಜಾಸ್ತಿ ಜನ ಎಡವುವುದು. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಟ್ರಾನ್ಸಾಕ್ಷನ್ ಒಳಗೆ ಮಾಡಿದ ಟ್ರಂಕೇಟನ್ನು ರೋಲ್‌ಬ್ಯಾಕ್ ಮಾಡಬಹುದು. ಒರಾಕಲ್, ಮೈಎಸ್‌ಕ್ಯೂಎಲ್‌ಗಳಲ್ಲಿ ಅದು ತಾನೇ ಕಮಿಟ್ ಮಾಡಿಕೊಂಡುಬಿಡುತ್ತದೆ. ಅದಕ್ಕಿಂತ ಮುಂಚೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ನೀವು ಮಾಡಿಟ್ಟ ಬೇರೆ ಬದಲಾವಣೆಗಳೂ ಅದರ ಜೊತೆಗೇ ಖಾಯಂ ಆಗುತ್ತವೆ. ಒಂದು ಕಡೆ ಕಲಿತವರು ಇನ್ನೊಂದು ಕಡೆ ಕೈಯಿಟ್ಟಾಗ ಇದು ಗೊತ್ತಿರಲೇಬೇಕು.

ಡ್ರಾಪ್ ಆದರೆ ಟೇಬಲ್ಲೇ ಇಲ್ಲ. ಅದರ ಇಂಡೆಕ್ಸ್‌ಗಳೂ (ಸಾಲು ಬೇಗ ಹುಡುಕಲು ಇರುವ ಸೂಚಿಗಳು) ಇಲ್ಲ.

ಹಾಗಾಗಿ ನನ್ನ ಸಲಹೆ ಇದು: ಡಿಲೀಟ್‌ಗೆ "ಅಳಿಸು", ಟ್ರಂಕೇಟ್‌ಗೆ "ಬರಿದು ಮಾಡು", ಡ್ರಾಪ್‌ಗೆ "ಕಿತ್ತುಹಾಕು". "ಕಿತ್ತುಹಾಕು" ಸ್ವಲ್ಪ ಒರಟು ಅಂತ ಒಬ್ಬರು ಅಂದರು. ಒರಟಾಗಿಯೇ ಇರಲಿ, ಎಂಟರ್ ಒತ್ತುವ ಮುಂಚೆ ಒಂದು ಕ್ಷಣ ಕೈ ತಡೆದರೆ ಒಳ್ಳೆಯದೇ.

"ಅಳಿಸು" ಬಗ್ಗೆಯೂ ನನಗೆ ಪೂರ್ತಿ ಸಮಾಧಾನ ಇಲ್ಲ. ಅಳಿಸಿದರೆ ಜಾಗ ಖಾಲಿಯಾಗುತ್ತೆ ಅನ್ನುವ ಭಾವನೆ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮಾಡಿದ ಸಾಲು ಡಿಸ್ಕ್‌ನಲ್ಲಿ ಅಲ್ಲೇ ಕೂತಿರುತ್ತದೆ, ಇನ್ನು ಲೆಕ್ಕಕ್ಕಿಲ್ಲ ಅಂತ ಗುರುತು ಬಿದ್ದಿರುತ್ತದೆ ಅಷ್ಟೆ. ವ್ಯಾಕ್ಯೂಮ್ ಅನ್ನುವ ಶುಚಿ ಮಾಡುವ ಕಮಾಂಡ್ ಬಂದು ಆ ಜಾಗವನ್ನು ಹೊಸ ಸಾಲುಗಳಿಗೆ ಬಿಟ್ಟುಕೊಡುತ್ತದೆ, ಆದರೆ ಫೈಲ್ ಸಾಮಾನ್ಯವಾಗಿ ಚಿಕ್ಕದಾಗುವುದಿಲ್ಲ. ಡಿಸ್ಕ್ ತುಂಬಿತು ಅಂತ ಗಾಬರಿಯಾಗಿ ಲಕ್ಷಗಟ್ಟಲೆ ಸಾಲು ಅಳಿಸಿದರೆ, ಅಳಿಸಿದ್ದನ್ನೂ ಲಾಗ್‌ಗೆ (ಬದಲಾವಣೆಗಳ ದಾಖಲೆಗೆ) ಬರೆದುಕೊಳ್ಳುವುದರಿಂದ ಡಿಸ್ಕ್ ಇನ್ನಷ್ಟು ತುಂಬುತ್ತದೆ. ವ್ಯಾಕ್ಯೂಮ್ ಫುಲ್ ಓಡಿಸಿದರೆ ಫೈಲ್ ಕುಗ್ಗುತ್ತೆ ನಿಜ. ಆದರೆ ಅದು ಮುಗಿಯುವ ತನಕ ಆ ಟೇಬಲನ್ನು ಯಾರೂ ಓದುವ ಹಾಗೂ ಇಲ್ಲ, ಮೇಲಾಗಿ ಟೇಬಲ್‌ನ ಹೊಸ ನಕಲು ಬರೆಯಲು ಅದಕ್ಕೇ ಡಿಸ್ಕ್‌ನಲ್ಲಿ ಜಾಗ ಬೇಕು! ಇಷ್ಟನ್ನೂ ಒಂದು ಪದದಲ್ಲಿ ತುಂಬಲು ಆಗದು. ಕೆಳಗೆ ಒಂದು ಟಿಪ್ಪಣಿ ಹಾಕೋಣ ಅಂದುಕೊಂಡಿದ್ದೇನೆ.

ನಲ್ ಅನ್ನು "ಶೂನ್ಯ" ಅಂತ ಬರೆದಿದ್ದಾರೆ. ತೆಗೆಯಬೇಕು. ಸೊನ್ನೆ ಅಂದರೆ ಗೊತ್ತಿರುವ ಬೆಲೆ, ನಲ್ ಅಂದರೆ ಬೆಲೆಯೇ ಗೊತ್ತಿಲ್ಲ. ಅದಕ್ಕೇ ಸಮ ಚಿಹ್ನೆ ಹಾಕಿ ನಲ್ ಹುಡುಕಿದರೆ ಏನೂ ಸಿಗುವುದಿಲ್ಲ, ಈಸ್ ನಲ್ ಅಂತಲೇ ಕೇಳಬೇಕು. ನಾಟ್ ಇನ್ (ಈ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡು) ಅಂತ ಕೇಳುವಾಗ ಆ ಪಟ್ಟಿಯೊಳಗೆ ಒಂದೇ ಒಂದು ನಲ್ ನುಸುಳಿದರೂ ಉತ್ತರದಲ್ಲಿ ಒಂದು ಸಾಲೂ ಬರುವುದಿಲ್ಲ, ಎರರ್ ಕೂಡ ಇಲ್ಲ. "ಖಾಲಿ" ಅನ್ನಲೂ ಆಗದು, ಖಾಲಿ ಸ್ಟ್ರಿಂಗ್ (ಒಂದು ಅಕ್ಷರವೂ ಇಲ್ಲದ ಪಠ್ಯ) ಬೇರೆ ಇದೆ. (ಒರಾಕಲ್ ಮಾತ್ರ ಖಾಲಿ ಸ್ಟ್ರಿಂಗನ್ನೂ ನಲ್ ಅಂತಲೇ ನೋಡುತ್ತದೆ, ಅದು ಬೇರೆ ತಲೆನೋವು.) ಸುಮ್ನೆ "ನಲ್" ಅಂತಲೇ ಬಿಡೋಣ ಅಂತ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು "ಪ್ರತಿ". ರೆಪ್ಲಿಕಾಗೂ "ಪ್ರತಿ", ಬ್ಯಾಕಪ್‌ಗೂ "ಪ್ರತಿ" ಅಂತ ಬರೆದಿದ್ದಾರೆ. ರೆಪ್ಲಿಕಾ ಅಂದರೆ ಇನ್ನೊಂದು ಸರ್ವರ್‌ನಲ್ಲಿ ಸದಾ ಹೊಸದಾಗುತ್ತಿರುವ ನಕಲು, ಅದು ಮೂಲದ ಹಿಂದೆಯೇ ಓಡುತ್ತದೆ. ಮೂಲದಲ್ಲಿ ಡ್ರಾಪ್ ಮಾಡಿದರೆ ಸ್ವಲ್ಪ ಹೊತ್ತಿಗೇ ಅಲ್ಲೂ ಡ್ರಾಪ್. ಯಂತ್ರ ಕೆಟ್ಟರೆ ಅದು ಕಾಪಾಡುತ್ತದೆ, ಮನುಷ್ಯ ತಪ್ಪು ಮಾಡಿದರೆ ಕಾಪಾಡುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ಸಾಫ್ಟ್‌ವೇರ್ ಕೋಡ್ ಇಡುವ ತಾಣ) ಆದದ್ದು ಹಲವರಿಗೆ ನೆನಪಿರಬಹುದು. ಕೈಕೊಟ್ಟಿದ್ದ ರೆಪ್ಲಿಕೇಶನ್ ಸರಿಪಡಿಸಲು ಎರಡನೇ ಸರ್ವರ್‌ನ ಡೇಟಾ ಫೋಲ್ಡರ್ ತೆಗೆಯಬೇಕಿತ್ತು, ಕಮಾಂಡ್ ಓಡಿದ್ದು ಮುಖ್ಯ ಸರ್ವರ್ ಮೇಲೆ. ಬ್ಯಾಕಪ್ ಹುಡುಕಿದರೆ, ಪೋಸ್ಟ್‌ಗ್ರೆಸ್ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಅಂತ ಹೇಳಬೇಕಿದ್ದ ಮೇಲ್‌ಗಳೂ ತಲುಪಿರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನಕಲು) ಅವರನ್ನು ಉಳಿಸಿತು. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ ನಂಬಬೇಡಿ ಅಂತ ಹೇಳುವುದು ಇದಕ್ಕೇ.

ಬ್ಯಾಕಪ್‌ಗೆ "ಕಾಪುಪ್ರತಿ", ರೆಪ್ಲಿಕಾಗೆ "ಜೋಡಿಪ್ರತಿ" ಅಂದರೆ ಹೇಗೆ? ಎರಡಕ್ಕೂ "ಪ್ರತಿ" ಉಳಿದರೆ ಗೊಂದಲವೂ ಉಳಿಯುತ್ತೆ ಅನ್ನುವುದು ನನ್ನ ಅನುಮಾನ. "ಪ್ರತಿ" ಪೂರ್ತಿ ಬಿಟ್ಟು ಬೇರೆ ಪದ ಹೊಳೆದರೆ ಹೇಳಿ.

ಇನ್ನೊಂದು, ಡೆಡ್‌ಲಾಕ್, ಅಂದರೆ ಎರಡು ಟ್ರಾನ್ಸಾಕ್ಷನ್‌ಗಳು ಒಂದಕ್ಕೊಂದು ಕಾಯುತ್ತಾ ಸಿಕ್ಕಿಕೊಳ್ಳುವುದು. "ಕಗ್ಗಂಟು" ಅಂತ ಕರಡಿನಲ್ಲಿದೆ. ಆದರೆ ಡೇಟಾಬೇಸ್ ತಾನೇ ಅದನ್ನು ಪತ್ತೆಹಚ್ಚಿ, ಒಂದು ಟ್ರಾನ್ಸಾಕ್ಷನ್ ರದ್ದು ಮಾಡಿ ಬಿಡಿಸುತ್ತದೆ. ಬಿಡಿಸಲಾಗದೆ ಸುಮ್ಮನೆ ಕಾಯುತ್ತಾ ನಿಲ್ಲುವುದು ಲಾಕ್ ವೇಟ್ (ಇನ್ನೊಂದು ಟ್ರಾನ್ಸಾಕ್ಷನ್ ಹಿಡಿದಿಟ್ಟದ್ದನ್ನು ಬಿಡಲಿ ಅಂತ ಕಾಯುವುದು). ಹೀಗೆ ಕಾಯುವ ಮಿತಿ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ (ಡೇಟಾ ಇಡುವ ಭಾಗ) ಬದಲಿಸದಿದ್ದರೆ 50 ಸೆಕೆಂಡು, ಪೋಸ್ಟ್‌ಗ್ರೆಸ್‌ನಲ್ಲಿ ಮಿತಿಯೇ ಇಲ್ಲ. ಹಾಗಾದರೆ "ಕಗ್ಗಂಟು" ಯಾವುದಕ್ಕೆ ಸಲ್ಲಬೇಕು?