ಅಡ್ಡಬಿಲ್ಲಿನ ‘ಪರಿಣಾಮಕಾರಿ ವ್ಯಾಪ್ತಿ’: ಈ ಪದ ಸರಿಯೇ?

ಮಾನ್ಯರೇ,

ಆಯುಧಗಳನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಚಿಕ್ಕ ಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದು, ಅದರ ಅಡ್ಡಬಿಲ್ಲಿನ ಅಧ್ಯಾಯದಲ್ಲಿ ಎದುರಾದ ಒಂದು ಪದದ ತೊಡಕನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಮರದ ದಿಂಡಿನ ಮೇಲೆ ಬಿಲ್ಲನ್ನು ಅಡ್ಡವಾಗಿ ಕೂಡಿಸಿ, ಹೆದೆಯನ್ನು ಹಿಂದಕ್ಕೆ ಸೆಳೆದು ಕೊಕ್ಕೆಗೆ ಸಿಕ್ಕಿಸಿ, ಬಂದೂಕಿನಂತೆ ಟ್ರಿಗರ್ ಒತ್ತಿ ಬಾಣ ಬಿಡುವ ಆಯುಧಕ್ಕೆ ‘ಅಡ್ಡಬಿಲ್ಲು’ ಎಂಬ ಹೆಸರು ಒಪ್ಪುವಂತಿದೆ. ತೊಡಕಿರುವುದು ಅದರಿಂದ ಎಷ್ಟು ದೂರದ ಗುರಿಯನ್ನು ಭರವಸೆಯಿಂದ ಹೊಡೆಯಬಹುದು ಎಂಬುದನ್ನು ಹೇಳುವ ಮಾತಿನಲ್ಲಿ.

ಮೊದಲ ಕರಡಿನಲ್ಲಿ ನಾನು, ರೂಢಿಯಲ್ಲಿರುವಂತೆ, ‘ಬೇಟೆಯಲ್ಲಿ ಅಡ್ಡಬಿಲ್ಲಿನ ಪರಿಣಾಮಕಾರಿ ವ್ಯಾಪ್ತಿ ಸುಮಾರು 40 ಗಜ’ ಎಂದು ಬರೆದಿದ್ದೆ. ಬಾಗಲಕೋಟೆಯ ನಮ್ಮ ಮನೆಗೆ ರಜೆಗೆ ಬಂದಿದ್ದ, ಒಂಬತ್ತನೆಯ ತರಗತಿಯ ಅಕ್ಕನ ಮಗಳಿಗೆ ಅದನ್ನು ಓದಲು ಕೊಟ್ಟೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು, ‘ಅಂದ್ರ ನಲವತ್ತು ಗಜದ ಆಚಿಗೆ ನಿಂತ್ರ ಬಾಣ ಏನೂ ಮಾಡಂಗಿಲ್ಲೇನ್ ಮಾಮಾ?’ ಎಂದು ಕೇಳಿದಳು. ತಪ್ಪು ಅವಳದಲ್ಲ. ಫೋನಿನಲ್ಲಿ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ದನಿಯನ್ನು ದಿನವೂ ಕೇಳುವ ಮಗುವಿಗೆ, ವ್ಯಾಪ್ತಿಯ ಹೊರಗೆ ಇರುವುದೆಂದರೆ ಏನೂ ತಲುಪದ ಕಡೆ ಇರುವುದು ಎಂದೇ ಅರ್ಥ. ಅದಕ್ಕೆ ‘ಪರಿಣಾಮಕಾರಿ’ ಎಂಬುದೂ ಸೇರಿದರೆ, ಅದರಾಚೆ ಪರಿಣಾಮವೇ ಇಲ್ಲವೆಂಬ ಮಾತು ತಾನಾಗಿಯೇ ಹುಟ್ಟುತ್ತದೆ. ವಾಸ್ತವವಾಗಿ ಆ ಬಾಣ ನೂರಾರು ಗಜ ಹಾರಬಲ್ಲದು. 40 ಗಜದ ಆಚೆಗೂ ಮನುಷ್ಯನ ಪ್ರಾಣ ತೆಗೆಯಬಲ್ಲದು. ಒಂದು ಪದ ಇಷ್ಟು ಅಪಾಯಕರವಾದ ತಪ್ಪು ತಿಳಿವಳಿಕೆಗೆ ದಾರಿ ಮಾಡಿಕೊಡುವುದಾದರೆ ಅದನ್ನು ಬಿಡಲೇಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಆ 40 ಗಜ, ಅಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ 20 ಮಾರು, ಯಾವುದರ ಅಳತೆ? ಇಂದಿನ ಅಡ್ಡಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 20 ಮೀಟರ್ ಸಾಗುವಷ್ಟರಲ್ಲಿ ಅದು ಸುಮಾರು 20 ಸೆಂಟಿಮೀಟರ್ ಕೆಳಗಿಳಿದಿರುತ್ತದೆ; 40 ಮೀಟರ್ ಸಾಗುವಷ್ಟರಲ್ಲಿ ಸುಮಾರು 80 ಸೆಂಟಿಮೀಟರ್. ದೂರ ಇಮ್ಮಡಿಯಾದರೆ ಇಳಿತ ನಾಲ್ಮಡಿಯಾಗುತ್ತದೆ. ಆದ್ದರಿಂದ 45 ಮೀಟರ್ ದೂರದಲ್ಲಿರುವ ಗುರಿಯನ್ನು ಕಣ್ಣಳತೆಯಲ್ಲಿ 40 ಎಂದು ಎಣಿಸಿದವನ ಬಾಣ ಸುಮಾರು ಅರ್ಧ ಗೇಣು ಕೆಳಗೆ ನಾಟುತ್ತದೆ. ಗುರಿಹಲಗೆಯಾದರೆ ಅಂಕ ಹೋದೀತು, ಅಷ್ಟೇ. ಜಿಂಕೆಯಾದರೆ ಅದು ಗಾಯಗೊಂಡು ಓಡಿಹೋಗಿ ಎಲ್ಲಿಯೋ ನರಳಿ ಸಾಯುತ್ತದೆ. ಅಲ್ಲದೆ ಹೆದೆಯ ಸಪ್ಪಳ ಬಾಣಕ್ಕಿಂತ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ, ದೂರ ಹೆಚ್ಚಿದಂತೆ ಪ್ರಾಣಿಗೆ ಬೆಚ್ಚಿ ಮೈ ಕುಗ್ಗಿಸಲು ಹೆಚ್ಚು ಸಮಯ ಸಿಗುತ್ತದೆ. ಬೇಟೆಗೆ ಅನುಮತಿಯಿರುವ ಅಮೆರಿಕದಂಥ ದೇಶಗಳ ಅನುಭವಿಗಳು 20ರಿಂದ 40 ಗಜಗಳನ್ನು ಮೀರಬಾರದೆನ್ನುವುದು ಇದಕ್ಕಾಗಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಆ ಪ್ರಶ್ನೆಯೇ ಬರುವುದಿಲ್ಲ. ಹಲಗೆ ಅಲುಗದು, ಕೇಳಿಸಿಕೊಳ್ಳದು, ಅದರ ದೂರವೂ ಮೊದಲೇ ಗೊತ್ತಿರುತ್ತದೆ. ಅಂತರರಾಷ್ಟ್ರೀಯ ಬಯಲು ಸ್ಪರ್ಧೆಗಳಲ್ಲಿ 65, 50 ಮತ್ತು 35 ಮೀಟರುಗಳಿಂದ ಅಡ್ಡಬಿಲ್ಲು ಹೊಡೆಯುತ್ತಾರೆ. ಬಿಲ್ಲು, ಬಾಣ ಅವೇ ಆಗಿದ್ದರೂ ಗುರಿ ಬದಲಾದರೆ ಈ ದೂರವೂ ಬದಲಾಗುತ್ತದೆ. ಹೀಗಾಗಿ ಇದು ಬರಿಯ ಆಯುಧದ ಗುಣವಲ್ಲ, ಹೊಡೆಯುವವನ ಕೈ ಮತ್ತು ಹೊಡೆಸಿಕೊಳ್ಳುವ ಗುರಿ ಎರಡೂ ಸೇರಿ ನಿರ್ಧರಿಸುವ ಅಳತೆ.

ಈ ಭೇದ ನಮ್ಮವರಿಗೆ ತಿಳಿಯದ್ದೇನಲ್ಲ. ಬಿಳಿಜೋಳ ಹಾಲುಗಾಳಾದಾಗ ಹೊಲದ ಮಂಚಿಕೆಯ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದ ನಮ್ಮ ತಂದೆಯವರು, ಕವಣೆಯ ಕಲ್ಲು ಬದುವಿನಾಚೆ ಹೋಗಿ ಬಿದ್ದಿತೆಂದು ನಾನು ಹಿಗ್ಗಿದರೆ, ‘ಕಲ್ಲು ಹೋಗೂದು ಬ್ಯಾರೆ, ಬಡಿಯೂದು ಬ್ಯಾರೆ’ ಎನ್ನುತ್ತಿದ್ದರು. ನನಗೆ ಬೇಕಾಗಿರುವುದು ಆ ‘ಬಡಿಯುವ’ ದೂರಕ್ಕೆ ಒಂದು ಪದ.

ಬೆಳಗಾವಿಯ ಕಡೆ ಮರಾಠಿ ಮಾತನಾಡುವವರು ‘ಪಲ್ಲಾ’ ಎನ್ನುತ್ತಾರೆ. ಆದರೆ ಅದು ಮುಖ್ಯವಾಗಿ ಹೋಗಿ ಮುಟ್ಟುವ ದೂರವನ್ನೇ ಸೂಚಿಸುತ್ತದೆ. ಮೇಲಾಗಿ ನಮ್ಮ ಊಟದ ಪಲ್ಲೆಯ ನೆನಪು ಅಡ್ಡ ಬರುತ್ತದೆ. ‘ಕೂಗಳತೆ’ಯ ಮಾದರಿಯಲ್ಲಿ ‘ಅಂಬಳತೆ’ ಎಂದು ಕಟ್ಟಿ ನೋಡಿದೆ. ಕಿವಿಗೆ ಹಿತವಾಗಿದ್ದರೂ, ಅಂಬಿನ ಉದ್ದವೆಂದು ಓದುವ ಸಂಭವವೇ ಹೆಚ್ಚು. ಹಳಗನ್ನಡದ ‘ಎಸುಗೆ’ಯಿಂದ ‘ಎಸುಗೆಯಳತೆ’ ಮಾಡಬಹುದು, ಆದರೆ ಇಂದಿನ ಮಗುವಿಗೆ ‘ಎಸುಗೆ’ಯನ್ನೇ ಮೊದಲು ವಿವರಿಸಬೇಕಾಗುತ್ತದೆ. ಸದ್ಯಕ್ಕೆ ಬಡಿಯುವ ದೂರಕ್ಕೆ ‘ಗುರಿಯಳತೆ’, ಬಾಣ ಹೋಗಿ ಬೀಳುವ ಕೊನೆಯ ದೂರಕ್ಕೆ ‘ಹಾರುದೂರ’ ಎಂದು ಎರಡು ಪದಗಳನ್ನು ಜೋಡಿಯಾಗಿ ಇಟ್ಟುಕೊಂಡಿದ್ದೇನೆ: ‘ಈ ಅಡ್ಡಬಿಲ್ಲಿನ ಗುರಿಯಳತೆ ಬೇಟೆಗೆ 40 ಗಜ, ಹಾರುದೂರ ಅದರ ಹಲವು ಪಟ್ಟು, ಆದ್ದರಿಂದ ಗುರಿಯ ಹಿಂದೆ ಯಾರೂ ನಿಲ್ಲಬಾರದು.’ ಅಕ್ಕನ ಮಗಳು ಈ ಸಾಲನ್ನು ಓದಿ ಮತ್ತೆ ಪ್ರಶ್ನೆ ಕೇಳಲಿಲ್ಲ.

ಜೊತೆಗೆ ಇನ್ನೊಂದು ಸಣ್ಣ ಮಾತು. ಅಡ್ಡಬಿಲ್ಲಿನ ಹೆದೆಯನ್ನು ಕೊಕ್ಕೆಗೆ ಸಿಕ್ಕಿಸುವುದನ್ನು ಕೆಲವರು ‘ಹೆದೆಯೇರಿಸು’ ಎಂದು ಬರೆಯುತ್ತಾರೆ. ಹೆದೆಯೇರಿಸುವುದೆಂದರೆ ಬಿಲ್ಲನ್ನು ಬಾಗಿಸಿ ಅದರ ತುದಿಗೆ ಹೆದೆ ಕಟ್ಟುವುದು. ಇಲ್ಲಿ ನಡೆಯುವುದು ಹೆದೆಯನ್ನು ಸೆಳೆಯುವ ಕೆಲಸ. ನಾನು ‘ಹೆದೆ ಸೆಳೆದು ಸಿಕ್ಕಿಸು’ ಎಂದೇ ಬರೆದಿದ್ದೇನೆ.

1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರ ನಾಡು ನಮ್ಮ ಜಿಲ್ಲೆಯಲ್ಲಿಯೇ ಇದೆ. ಆ ಸೀಮೆಯ, ಇಲ್ಲವೆ ಗೋಕಾಕ, ಸಿಂದಗಿ ಕಡೆಯ ಹಿರಿಯರ ಬಾಯಲ್ಲಿ ಬಿಲ್ಲು, ಕವಣೆ, ಬಂದೂಕು ಯಾವುದಕ್ಕಾದರೂ ಸರಿ, ಬಡಿಯುವ ದೂರಕ್ಕೆ ಬಳಕೆಯ ಮಾತೊಂದಿದ್ದರೆ, ಅದನ್ನು ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದಿರೆಂಬುದರ ಸಮೇತ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ. ಅಂಥ ಪದ ಸಿಕ್ಕರೆ ನಾನು ಕಟ್ಟಿದ ‘ಗುರಿಯಳತೆ’ಯನ್ನು ಸಂತೋಷದಿಂದ ಅಳಿಸಿ ಅದನ್ನೇ ಬರೆಯುತ್ತೇನೆ.