ಮಳೆಗಾಲದ ಮನೆಗೆ ಡಿಸ್ಕೋ, ಸ್ಟ್ರೀಮಿಂಗೋ?

ಶಿರಸಿ ಹತ್ತಿರದ ಹಳ್ಳಿಯಿಂದ, ಸಲಹೆ ಬೇಕು:
ಮನೆಗೆ 55 ಇಂಚಿನ ಫೋರ್‌ಕೆ ಟಿವಿ ತಂದಿದ್ದೇವೆ. ಫೈಬರ್ ನೆಟ್ ಇದೆ. ಅಪ್ಪಯ್ಯ ಕೂಡಿಟ್ಟ ಇನ್ನೂರರಷ್ಟು ಡಿಸ್ಕ್ ಇವೆ, ಸಿನಿಮಾದ ಡಿವಿಡಿ, ಯಕ್ಷಗಾನದ ವಿಸಿಡಿ. ಬ್ಲೂ-ರೇ ಪ್ಲೇಯರ್ ತಗೊಳ್ಳಬೇಕಾ, ಸ್ಟ್ರೀಮಿಂಗ್ ಸಾಕಾ? ಹಳೇದನ್ನೆಲ್ಲ ಕೊಟ್ಟುಬಿಡಲಾ?

ಕುಮಟಾದಿಂದ:
ನಮ್ಮಲ್ಲಿ ಎರಡೂ ಇವೆ. ಮೊದಲು ಒಂದು ಮಾತು, ಡಿವಿಡಿ ಎಚ್‌ಡಿ ಅಲ್ಲ. ಅದರಲ್ಲಿರುವುದು ಹೆಚ್ಚೆಂದರೆ 720ಕ್ಕೆ 576 ಪಿಕ್ಸೆಲ್. 55 ಇಂಚಿನಲ್ಲಿ ಮಂಜು ಮಂಜಾಗಿ ಕಾಣುತ್ತದೆ. ಬ್ಲೂ-ರೇ ಎಚ್‌ಡಿ ಡಿಸ್ಕ್, ಅದರಲ್ಲಿ 1920ಕ್ಕೆ 1080. ಸ್ಟ್ರೀಮಿಂಗ್‌ನಲ್ಲೂ ಅಷ್ಟೇ ಪಿಕ್ಸೆಲ್ ಬರುತ್ತದಲ್ವಾ ಅಂತ ಕೇಳಬಹುದು. ಬರುತ್ತದೆ, ಆದರೆ ತುಂಬಾ ಹಿಂಡಿ ಕಳಿಸುತ್ತಾರೆ. ಅದಕ್ಕೇ ನೆಟ್‌ಫ್ಲಿಕ್ಸ್‌ನ 1080ಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಫೋರ್‌ಕೆಗೆ 15 ಎಂಬಿಪಿಎಸ್ ವೇಗ ಸಾಕಾಗುತ್ತದೆ. ಬ್ಲೂ-ರೇಯಲ್ಲಿ ಬರೀ ಚಿತ್ರಕ್ಕೇ 40 ಎಂಬಿಪಿಎಸ್‌ವರೆಗೆ ಅವಕಾಶ. ಡಿಸ್ಕ್ ಹಿಡಿಸುವುದೇ 25 ಇಲ್ಲವೇ 50 ಜಿಬಿ. ಹಗಲಿನ ದೃಶ್ಯದಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಕತ್ತಲೆ, ಹೊಗೆ, ಜೋರು ಮಳೆ ಬಂದಾಗ ನೋಡಿ. ಸ್ಟ್ರೀಮಿಂಗ್ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಆದರೆ ಕನ್ನಡ ಸಿನಿಮಾ ಬ್ಲೂ-ರೇಯಲ್ಲಿ ಬಂದದ್ದೇ ಕಡಿಮೆ. ಹೊರದೇಶದಿಂದ ತರಿಸುವುದಾದರೆ ರೀಜನ್, ಅಂದರೆ ಡಿಸ್ಕ್ ಯಾವ ಕಡೆಯ ಪ್ಲೇಯರ್‌ನಲ್ಲಿ ಓಡುತ್ತದೆ ಎನ್ನುವ ಗುರುತು, ನೋಡಿಕೊಳ್ಳಿ. ನಮ್ಮದು ಸಿ, ಅಮೆರಿಕದ್ದು ಎ.

ಹೋದ ಆಷಾಢದಲ್ಲಿ ಮರ ಬಿದ್ದು ಕೇಬಲ್ ಹರಿದು ನಾಲ್ಕು ದಿನ ನೆಟ್ ಇರಲಿಲ್ಲ. ಇನ್ವರ್ಟರ್‌ನಲ್ಲಿ ಟಿವಿ ನಡೆಯುತ್ತಿತ್ತು. ಮಕ್ಕಳು ಡಿಸ್ಕ್ ಹಾಕಿಕೊಂಡೇ ನೋಡಿದರು. ದಿನನಿತ್ಯಕ್ಕೆ ಸ್ಟ್ರೀಮಿಂಗ್ ಇರಲಿ. ಮತ್ತೆ ಮತ್ತೆ ನೋಡುವ ಹತ್ತು ಸಿನಿಮಾ ಇದ್ದರೆ ಪ್ಲೇಯರ್ ತಗೊಳ್ಳಿ, ಡಿವಿಡಿಯೂ ಅದರಲ್ಲೇ ಓಡುತ್ತದೆ.

ಕಾರವಾರದಿಂದ:
ನಮ್ಮದು ಕಡಲ ಪಕ್ಕದ ಮನೆ. ಉಪ್ಪುಗಾಳಿಗೆ ಎರಡು ಪ್ಲೇಯರ್ ಹೋದವು. ನಮಗೆ ಸ್ಟ್ರೀಮಿಂಗೇ ಸರಿ. ತಗೊಂಡರೆ ವಾರಕ್ಕೊಮ್ಮೆಯಾದರೂ ಹಚ್ಚಿ. ಸುಮ್ನೆ ಇಟ್ಟರೆ ಒಳಗೆಲ್ಲ ಬೂಷ್ಟು ಹಿಡಿಯುತ್ತದೆ.

ಸಿದ್ದಾಪುರದಿಂದ:
ತಮ್ಮಾ, ಸಿನಿಮಾ ಡಿವಿಡಿ ಏನಾದರೂ ಮಾಡು. ಯಕ್ಷಗಾನದ ವಿಸಿಡಿ ಮಾತ್ರ ಯಾರಿಗೂ ಕೊಡಬೇಡ. ಊರಲ್ಲಿ ಆದ ಆಟ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ವಿಸಿಡಿ ಚಿತ್ರ ಡಿವಿಡಿಯ ಕಾಲು ಭಾಗದಷ್ಟು ಪಿಕ್ಸೆಲ್ ಅಷ್ಟೇ. ಇರಲಿ. ಭಾಗವತರ ಪದ ಇದೆ, ಚಂಡೆ ಇದೆ, ಈಗ ನಮ್ಮೊಡನೆ ಇಲ್ಲದ ವೇಷಧಾರಿಗಳು ಅದರಲ್ಲಿ ಇದ್ದಾರೆ.

ವಿಸಿಡಿಯ ಬೆಳ್ಳಿಯಂತೆ ಹೊಳೆಯುವ ಪದರ ಇರುವುದು ಹೆಸರು ಅಚ್ಚಾದ ಬದಿಯ ಕೆಳಗೇ. ಅಲ್ಲಿ ಗೀರು ಬಿದ್ದರೆ ಮುಗಿಯಿತು, ಆ ಬದಿ ಜೋಪಾನ. ಬೂಷ್ಟು ಬಂದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ತೊಳೆ. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸು, ಸುತ್ತ ಒರೆಸಬೇಡ. ಪೂರ್ತಿ ಒಣಗಿದ ಮೇಲೆ ಕಂಪ್ಯೂಟರ್‌ಗೆ ಹಾಕಿ ಒಳಗಿನ ಡ್ಯಾಟ್ (.DAT) ಫೈಲ್‌ಗಳನ್ನು, ಆಟದ ವಿಡಿಯೋ ಇರುವುದು ಅವುಗಳಲ್ಲೇ, ಎರಡು ಹಾರ್ಡ್‌ಡಿಸ್ಕ್‌ಗೆ ಇಳಿಸಿಕೋ. ಒಂದನ್ನು ಬೇರೆ ಮನೆಯಲ್ಲಿ ಇಡು.

ನಾನು 60 ಡಿಸ್ಕ್ ಇಳಿಸಲು ಕೂತೆ. 11 ತೆರೆಯಲೇ ಇಲ್ಲ. ಅವುಗಳಲ್ಲಿ ಒಂದು ನನ್ನ ಅಪ್ಪಯ್ಯ ಮದ್ದಳೆ ಬಾರಿಸಿದ ಆಟ. ಇನ್ನೆರಡು ವರ್ಷ ಮೊದಲೇ ಕೂತಿದ್ದರೆ ಸಿಗುತ್ತಿತ್ತೇನೋ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವಂಥದ್ದು ನನ್ನ ಹತ್ತಿರ ಇದೆ. ಬೇಕಾದರೆ ಹೇಳು, ಮಳೆ ಹಿಡಿಯುವ ಮುಂಚೆ ಕೊಡುತ್ತೇನೆ.