ಹತ್ತು ನಿಮಿಷ ಓಡಿ ನಿಲ್ಲುವ ಪದ್ಮಿನಿ

ಪ್ರಶ್ನೆ:
ಅಣ್ಣಾ, ನಮಸ್ಕಾರ. ನಮ್ಮಪ್ಪನ 1988ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್. ಸಕಲೇಶಪುರದ ಹತ್ತಿರ ತೋಟದ ಮನೆಯ ಶೆಡ್ಡಿನಲ್ಲಿ ಎಂಟು ವರ್ಷ ನಿಂತೇ ಇತ್ತು. ಹೋದ ದೀಪಾವಳಿಯಿಂದ ನಾನೇ ಕೈ ಹಾಕಿದ್ದೇನೆ. ಬ್ರೇಕ್, ಬ್ಯಾಟರಿ, ಟೈರ್ ಎಲ್ಲ ಆಯಿತು. ಎಂಜಿನ್ ಒಂದೇ ಸೆಲ್ಫಿಗೆ ಹಿಡಿಯುತ್ತದೆ. ಅಂಗಳದಲ್ಲಿ ನಿಲ್ಲಿಸಿ ಸ್ಲೋನಲ್ಲಿ ಬಿಟ್ಟರೆ ಮುಕ್ಕಾಲು ಗಂಟೆ ಓಡಿದ್ದೂ ಇದೆ. ರಸ್ತೆಗೆ ಇಳಿಸಿದರೆ ಮಾತ್ರ ಹತ್ತು ನಿಮಿಷ, ಅಷ್ಟೇ. ಪಿಕಪ್ ಹೋಗುತ್ತದೆ, ಜರ್ಕ್ ಹೊಡೆಯುತ್ತದೆ, ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಆಮೇಲೆ ಐದಾರು ನಿಮಿಷಕ್ಕೆ ಮತ್ತೆ ಅದೇ ಕಥೆ.

ಇಲ್ಲಿಯವರೆಗೆ ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್, ಏಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್) ಬದಲಿಸಿದ್ದೇನೆ. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಇಲ್ಲಿನ ಮೆಕ್ಯಾನಿಕ್ ಒಬ್ಬರು ಈಗ ಬೇರೆ ಕಾರ್ಬೊರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಹೆಂಡತಿ ಗುಜರಿಗೆ ಹಾಕಿ ಅನ್ನುತ್ತಿದ್ದಾಳೆ. ನೀವೇನು ಹೇಳುತ್ತೀರಿ?

ಉತ್ತರ:
ಸದ್ಯಕ್ಕೆ ಇಬ್ಬರ ಮಾತೂ ಕೇಳಬೇಡಿ. ಒಂದು ರೂಪಾಯಿಯ ಸಾಮಾನೂ ತರಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ.

ಕರೆಂಟಿನ ಕಡೆ ಬಿಸಿಗೆ ಕೈಕೊಡುವ ಸಾಮಾನು, ಅಂದರೆ ಕಾಯಿಲ್ಲೋ ಕಂಡೆನ್ಸರ್ರೋ ಆಗಿದ್ದರೆ, ಅಂಗಳದಲ್ಲೂ ನಿಲ್ಲಬೇಕಿತ್ತು. ನಿಂತ ಗಾಡಿಗೆ ಎದುರುಗಾಳಿ ಇರುವುದಿಲ್ಲ, ಬಾನೆಟ್ ಒಳಗೆ ಬಿಸಿ ಇನ್ನೂ ಜಾಸ್ತಿಯೇ. ಆದರೆ ನಿಮ್ಮದು ಅಲ್ಲಿ ಮುಕ್ಕಾಲು ಗಂಟೆ ಓಡಿದೆ. ಸ್ಲೋನಲ್ಲಿ ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಚಮಚದ ಲೆಕ್ಕ. ರಸ್ತೆಯಲ್ಲಿ, ಅದೂ ನಿಮ್ಮ ಕಡೆಯ ಏರುದಾರಿಯಲ್ಲಿ, ಲೋಟದ ಲೆಕ್ಕ. ಚಮಚ ಸಿಗುತ್ತಿದೆ, ಲೋಟ ಸಿಗುತ್ತಿಲ್ಲ ಎಂದು ನನ್ನ ಅನುಮಾನ.

ಆದರೂ ಅನುಮಾನದ ಮೇಲೆ ಸಾಮಾನು ಬದಲಿಸಬಾರದು. ನೀವು ಇಷ್ಟು ದಿನ ಮಾಡಿದ್ದು ಅದೇ ಅಲ್ವಾ? ಗಾಡಿ ನಿಂತ ಆ ಎರಡು ನಿಮಿಷದಲ್ಲೇ ಅದನ್ನು ಹಿಡಿಯಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಎಳೆದು ತಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಸಿಗುವುದಿಲ್ಲ.

ಹೀಗೆ ಮಾಡಿ. ಒಂದು ಹಳೇ ಪ್ಲಗ್, ಸ್ಪ್ಯಾನರ್, ಒಬ್ಬ ಜೊತೆಗಾರ ಇರಲಿ. ಗಾಡಿ ನಿಂತ ತಕ್ಷಣ ಬಾನೆಟ್ ಎತ್ತಿ. ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಬಾಯಿಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ಎಳೆಯಿರಿ. ಒಳಗೆ ಸಣ್ಣ ಎಳೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಫ್ಲೋಟ್ ಬೌಲ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಖಾಲಿ. ಅದನ್ನು ನೋಡಿ ಮುಚ್ಚಳ ವಾಪಸ್ ಕೂರಿಸಿ. ಆಮೇಲೆ ಒಂದು ಪ್ಲಗ್ ವೈರ್ ಕಿತ್ತು ಹಳೇ ಪ್ಲಗ್ಗಿಗೆ ಸಿಕ್ಕಿಸಿ. ಅದನ್ನು ಕಾರ್ಬೊರೇಟರಿನಿಂದ ದೂರ, ಎಂಜಿನ್ ಬ್ಲಾಕಿಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ಚಟ್ ಚಟ್ ಎಂದು ನೀಲಿ ಕಿಡಿ ಬಂದರೆ ಕರೆಂಟ್ ಸರಿ ಇದೆ. ಪೆಟ್ರೋಲ್ ಚೆಲ್ಲಿದ್ದರೆ ಕಿಡಿಯ ಟೆಸ್ಟ್ ಬೇಡವೇ ಬೇಡ.

ಇನ್ನೊಂದು. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿಗೊಟ್ಟು ಕೇಳಿ. ಸುಯ್ಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿತೂತು ಕಟ್ಟಿದೆ ಎಂದು ಅರ್ಥ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಹೋಗಲೇಬೇಕು. ಇಲ್ಲದಿದ್ದರೆ ಪಂಪ್ ಎಷ್ಟು ಎಳೆದರೂ ಬರುವುದಿಲ್ಲ. ಇದೊಂದು ತೂತಿಗೆ ಪಂಪ್ ಮೇಲೆ ಪಂಪ್ ಬದಲಿಸಿದವರನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು, ಎರಡು ದಿನದ ನಂತರ:
ಅಣ್ಣಾ, ಮಾಡಿದೆ. ಕಿಡಿ ಚೆನ್ನಾಗಿದೆ. ಕಾರ್ಬೊರೇಟರಿನಲ್ಲಿ ಒಂದು ಹನಿಯೂ ಚಿಮ್ಮಲಿಲ್ಲ. ಟ್ಯಾಂಕ್ ಮುಚ್ಚಳದಲ್ಲಿ ಸದ್ದು ಬರಲಿಲ್ಲ. ಮುಚ್ಚಳ ಸಡಿಲ ಬಿಟ್ಟು ತೋಟದೊಳಗೇ ಓಡಿಸಿದೆ, ಆಗಲೂ ನಿಂತಿತು. ಪಂಪ್ ಹೊಸದು. ಹಾಗಾದರೆ ಕಾರ್ಬೊರೇಟರೇ?

ಉತ್ತರ:
ಅಲ್ಲ. ಬೌಲಿಗೇ ಪೆಟ್ರೋಲ್ ಬಂದಿಲ್ಲ, ಕಾರ್ಬೊರೇಟರ್ ಏನು ಮಾಡೀತು? ಬೌಲಿನ ಬಾಯಲ್ಲಿರುವ ನೀಡಲ್ ವಾಲ್ವ್ ಅಂಟಿಕೊಂಡರೂ ಹೀಗಾಗಬಹುದು, ನಿಜ. ಆದರೆ ನೀವು ಎರಡು ಸಲ ಬಿಚ್ಚಿದ್ದೀರಿ. ನಾವು ಹಿಂದಕ್ಕೆ ಹೋಗೋಣ.

ಈಗ ಬೇರೆ ಟ್ಯಾಂಕಿನ ಟೆಸ್ಟ್. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಹತ್ತಿರ ಬಿಚ್ಚಿ ಬಾಯಿ ಮುಚ್ಚಿ. ಪಂಪಿಗೆ ಹೊಸ ಪೆಟ್ರೋಲ್ ಹೋಸ್ ಹಾಕಿ, ಇನ್ನೊಂದು ತುದಿಯನ್ನು ಎರಡು ಲೀಟರಿನ ತಗಡಿನ ಕ್ಯಾನಿಗೆ ಬಿಡಿ. ಕ್ಯಾನನ್ನು ಸೈಲೆನ್ಸರ್ ಪೈಪಿನಿಂದಲೂ ಬ್ಯಾಟರಿಯಿಂದಲೂ ದೂರ, ಅಲುಗದ ಹಾಗೆ ಬೆಲ್ಟಿನಲ್ಲಿ ಬಿಗಿಯಿರಿ. ಅದರ ಮುಚ್ಚಳದಲ್ಲೂ ಸಣ್ಣ ಗಾಳಿತೂತು ಇರಲಿ. ಬಾಟಲಿಯನ್ನು ಸೀಟಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಓಡಿಸುವ ಶೂರರಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ತೋಟದ ರಸ್ತೆಯಲ್ಲೇ ಓಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಗಾಡಿಯಲ್ಲಿರಲಿ.

ಕ್ಯಾನಿನಿಂದ ಚೆನ್ನಾಗಿ ಓಡಿದರೆ ಪಂಪು, ಕಾರ್ಬೊರೇಟರ್, ಕರೆಂಟ್ ಮೂರೂ ಪಾಸ್. ತಪ್ಪು ಪಂಪಿನಿಂದ ಹಿಂದಕ್ಕೆ, ಟ್ಯಾಂಕಿನವರೆಗೆ ಮಾತ್ರ ಉಳಿಯುತ್ತದೆ.

ಇನ್ನೊಬ್ಬ ಸದಸ್ಯರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದು ವೇಪರ್ ಲಾಕ್ ಇರಬಹುದಲ್ವಾ? ನಮ್ಮ ತಂದೆ ಆಗುಂಬೆ ಘಾಟಿ ಹತ್ತುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು.

ಉತ್ತರ:
ಒಳ್ಳೆಯ ಮಾತು. ಪೈಪಿನಲ್ಲಿ ಪೆಟ್ರೋಲ್ ಕುದ್ದು ಆವಿಯಾದರೆ ಪಂಪಿಗೆ ಆವಿ ಎಳೆಯಲು ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಅದು ತಣ್ಣಗಾಗಿ ಸರಿಹೋಗುತ್ತದೆ. ಆದರೆ ವೇಪರ್ ಲಾಕ್ ಕೂಡ ಬಾನೆಟ್ ಬಿಸಿಯ ಕಾಯಿಲೆ. ಬಿಸಿಲಲ್ಲಿ, ಟ್ರಾಫಿಕ್ಕಿನಲ್ಲಿ, ಏರು ಹತ್ತಿ ನಿಲ್ಲಿಸಿದ ಮೇಲೆ ಕಾಡುತ್ತದೆ. ಸಕಲೇಶಪುರದ ತಂಪಿನಲ್ಲಿ, ಹತ್ತೇ ನಿಮಿಷಕ್ಕೆ, ಅದೂ ಓಡುವಾಗ ಮಾತ್ರ ಬಂದರೆ ನಾನು ಒಪ್ಪುವುದಿಲ್ಲ. ಕ್ಯಾನ್ ಟೆಸ್ಟ್ ಇದಕ್ಕೂ ಉತ್ತರ ಹೇಳುತ್ತದೆ. ಪಂಪ್ ಅದೇ, ಬಿಸಿಯೂ ಅದೇ ಇರುತ್ತದಲ್ಲ.

ಮತ್ತೊಬ್ಬರು, ತುಮಕೂರಿನಿಂದ:
ಸರ್, ನನ್ನದೂ ಪದ್ಮಿನಿ. ಇದು ಜರ್ಕ್ ಗಿರ್ಕ್ ಏನೂ ಹೊಡೆಯುವುದಿಲ್ಲ. ಬಿಸಿಯಾದ ಮೇಲೆ ಸ್ವಿಚ್ ಆರಿಸಿದ ಹಾಗೆ ಟಕ್ಕನೆ ನಿಲ್ಲುತ್ತದೆ. ಇದೂ ಪೆಟ್ರೋಲಾ?

ಉತ್ತರ:
ನಿಮ್ಮದು ಕರೆಂಟು. ಪೆಟ್ರೋಲ್ ಕಡಿಮೆಯಾದರೆ ಉಬ್ಬಸ ಬಂದವರ ಹಾಗೆ ಎಳೆದು ಎಳೆದು ನಿಲ್ಲುತ್ತದೆ. ಕರೆಂಟ್ ಹೋದರೆ ಒಂದೇ ಏಟು. ಡೆಲ್ಕೊ (ಡಿಸ್ಟ್ರಿಬ್ಯೂಟರ್) ಕ್ಯಾಪ್ ತೆಗೆದು ಒಳಗೆ ಪಾಯಿಂಟಿಗೆ ಹೋಗುವ ಸಣ್ಣ ವೈರ್ ನೋಡಿ. ಕಿಡಿಯ ಟೈಮಿಂಗ್ ಅಡ್ವಾನ್ಸ್ ಆದಾಗಲೆಲ್ಲ ಪಾಯಿಂಟ್ ಕೂತಿರುವ ಪ್ಲೇಟ್ ಅಲುಗಿ ಅಲುಗಿ ಆ ವೈರ್ ಒಳಗೇ ತುಂಡಾಗಿರುತ್ತದೆ, ಮೇಲಿನ ಕವರ್ ಮಾತ್ರ ನೆಟ್ಟಗಿರುತ್ತದೆ. ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರ್ ಮೇಲೆ ಅನುಮಾನ.

ಕಾಯಿಲ್ ಬದಲಿಸಿದ್ದೀರಾ? ಮೀಟರ್ ಇಟ್ಟು ಸಣ್ಣ ಟರ್ಮಿನಲ್ ಎರಡರ ನಡುವೆ ನೋಡಿ. ರೆಸಿಸ್ಟರ್ ಇಲ್ಲದ ಮಾಮೂಲಿ 12 ವೋಲ್ಟ್ ಕಾಯಿಲ್ ಸುಮಾರು 3 ಓಮ್ ತೋರಿಸುತ್ತದೆ. ಒಂದೂವರೆ ತೋರಿಸಿದರೆ ಅದು ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ಸುಮ್ನೆ ನೇರ ಹಾಕಿದರೆ ಮುಟ್ಟಲಾಗದಷ್ಟು ಕಾಯುತ್ತದೆ, ಪಾಯಿಂಟನ್ನೂ ತಿನ್ನುತ್ತದೆ. ಅಂಗಡಿಯವರು ಎರಡನ್ನೂ ಒಂದೇ ಎಂದು ಕೊಟ್ಟುಬಿಡುತ್ತಾರೆ. ಹೆಚ್ಚಿಗೆ ಬೇಕಿದ್ದರೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಗೊಂದಲ ಬೇಡ.

ಪ್ರಶ್ನೆ ಕೇಳಿದವರು:
ಅಣ್ಣಾ, ಕ್ಯಾನಿನಿಂದ ನಲವತ್ತು ನಿಮಿಷ ಓಡಿಸಿದೆ. ಏರು, ಇಳಿಜಾರು, ಎಲ್ಲ. ಒಂದು ಸಲವೂ ನಿಲ್ಲಲಿಲ್ಲ! ಐದು ಸಾಮಾನು ಸುಮ್ನೆ ಬದಲಿಸಿದೆ ಅಂತಾಯಿತು.

ಉತ್ತರ:
ಹಳೇ ಪಂಪ್ ಎಸೆಯಬೇಡಿ, ಒಳಗಿನ ಡಯಾಫ್ರಂ (ತೆಳು ಪೊರೆ) ಬದಲಿಸಿದರೆ ಅದು ನಿಮ್ಮ ಸ್ಪೇರ್.

ಈಗ ಟ್ಯಾಂಕ್ ಮುಚ್ಚಳ ತೆಗೆದಿಟ್ಟು, ಪಂಪಿನ ಕಡೆಯಿಂದ ಸೈಕಲ್ ಪಂಪಿನಲ್ಲಿ ಪೈಪಿನೊಳಗೆ ಗಾಳಿ ಊದಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸಲೀಸಾಗಿ ಬರಬೇಕು. ಕಷ್ಟಪಟ್ಟು ಬಂದರೆ ಅಥವಾ ಊದಿದ ಮೇಲೆ ಗಾಡಿ ಒಂದೆರಡು ದಿನ ಚೆನ್ನಾಗಿ ಓಡಿ ಮತ್ತೆ ಮೊದಲಿನಂತಾದರೆ, ಟ್ಯಾಂಕಿನೊಳಗೆ ಪೈಪಿನ ಬಾಯಿಗೆ ಕಸ ಕೂರುತ್ತಿದೆ. ಮಲೆನಾಡಿನ ತೇವಕ್ಕೆ ಎಂಟು ವರ್ಷ ಅರೆಬರೆ ತುಂಬಿದ ಟ್ಯಾಂಕ್ ಒಳಗೆಲ್ಲ ತುಕ್ಕು ಹಿಡಿದಿರುತ್ತದೆ. ಓಡುವಾಗ ಪಂಪ್ ಎಳೆಯುವ ಎಳೆತಕ್ಕೆ ತುಕ್ಕಿನ ಪುಡಿ ಬಂದು ಪೈಪಿನ ಬಾಯಿಯ ಜಾಲರಿಗೆ ಅಂಟುತ್ತದೆ. ನಿಂತಾಗ ಎಳೆತ ಇಲ್ಲ, ಕಾಲು ಗಂಟೆಯಲ್ಲಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ಗಾಡಿ ತಾನಾಗೇ ಸರಿಹೋದ ಹಾಗೆ ಕಾಣುವುದು.

ರಬ್ಬರ್ ಹೋಸ್‌ಗಳನ್ನೂ ಬಿಡಬೇಡಿ, ಮುಖ್ಯವಾಗಿ ಟ್ಯಾಂಕಿನ ಬುಡದಲ್ಲಿರುವುದು. ಇದು ಎಳೆಯುವ ಕಡೆ. ಇಲ್ಲಿ ಸೀಳು ಬಿಟ್ಟರೆ ಪೆಟ್ರೋಲ್ ತೊಟ್ಟಿಕ್ಕಲೇಬೇಕೆಂದಿಲ್ಲ, ಪಂಪ್ ಆ ಸೀಳಿನಿಂದ ಗಾಳಿ ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಣಗಿಯೇ ಇರುತ್ತದೆ. ಜೊತೆಗೆ ಈಗ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಶೇಕಡಾ 20 ಎಥನಾಲಿನ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟದ್ದು. ನಿಮ್ಮಪ್ಪ ಗಾಡಿ ಕೊಂಡ ಕಾಲದ ರಬ್ಬರನ್ನು ಇದಕ್ಕೆಂದು ಮಾಡಿರಲಿಲ್ಲ. ಒಳಗೆ ಊದಿಕೊಂಡು ತೂತು ಕಿರಿದಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಿಲ್ಲಿಸಿಟ್ಟ ಟ್ಯಾಂಕಿಗೆ ಅದು ಒಳ್ಳೆಯದಲ್ಲ.

ಪ್ರಶ್ನೆ ಕೇಳಿದವರು, ಭಾನುವಾರ:
ಟ್ಯಾಂಕ್ ಇಳಿಸಿದೆ ಅಣ್ಣಾ. ಕಾಫಿ ಡಿಕಾಕ್ಷನ್ ತರಹ ಬಂತು, ತಳದಲ್ಲಿ ಒಂದು ಹಿಡಿ ತುಕ್ಕು. ಬುಡದ ಹೋಸ್ ನಾನೇ ಹಾಕಿದ್ದು, ಹಾರ್ಡ್‌ವೇರ್ ಅಂಗಡಿಯ ನೀರಿನ ಪೈಪ್. ಕುಯ್ದು ನೋಡಿದರೆ ಒಳಗೆ ಬೆಂಕಿಕಡ್ಡಿ ತೂರುವಷ್ಟೂ ಜಾಗ ಇಲ್ಲ. ನಾಚಿಕೆಯಾಯಿತು. ಟ್ಯಾಂಕ್ ಹೇಗೆ ತೊಳೆಯಲಿ? ಒಂದು ಕಡೆ ಸಣ್ಣ ತೂತೂ ಇದೆ, ವೆಲ್ಡಿಂಗ್ ಮಾಡಿಸಲಾ?

ಉತ್ತರ:
ನಾಚಿಕೆ ಬೇಡ, ನೀರಿನ ಪೈಪ್ ನಾನೂ ಹಾಕಿದ್ದೆ, ಕಲಿಯುವಾಗ.

ವೆಲ್ಡಿಂಗ್ ವಿಷಯ ಮೊದಲು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಪೆಟ್ರೋಲ್ ಆವಿ ಮತ್ತು ಗಾಳಿ ಎರಡೂ ಸೇರಿರುತ್ತದೆ, ಒಂದು ಕಿಡಿ ಸಾಕು. ಬೀದಿಯ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ರೇಡಿಯೇಟರ್ ಮತ್ತು ಟ್ಯಾಂಕ್ ರಿಪೇರಿಯನ್ನೇ ಮಾಡುವವರು ಇದ್ದಾರೆ, ಒಳಗೆ ಪೂರ್ತಿ ತೊಳೆದು ಆವಿ ತೆಗೆದು ಬೆಸುಗೆ ಹಾಕುತ್ತಾರೆ. ಅವರಿಗೇ ಕೊಡಿ.

ತೊಳೆಯುವುದು ನೀವೇ ಮಾಡಬಹುದು, ಬಯಲಲ್ಲಿ, ಬೀಡಿ ಸಿಗರೇಟಿನಿಂದ ದೂರ. ತೂತಿಗೆ ತಾತ್ಕಾಲಿಕವಾಗಿ ರಬ್ಬರ್ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚೆನ್ನಾಗಿ ಕುಲುಕಿ ಚೆಲ್ಲಿ. ನಂತರ ಒಂದು ಹಿಡಿ ನಟ್ಟು ಹಾಕಿ, ಎಣಿಸಿ ಹಾಕಿ, ಇನ್ನಷ್ಟು ಕುಲುಕಿ. ಹೊರಗೆ ತೆಗೆಯುವಾಗಲೂ ಎಣಿಸಿ. ಆಮೇಲೆ ಬಿಸಿನೀರಿಗೆ ನಿಂಬೆಉಪ್ಪು (ಸಿಟ್ರಿಕ್ ಆಸಿಡ್), ಲೀಟರಿಗೆ 50ರಿಂದ 100 ಗ್ರಾಂ ಕರಗಿಸಿ ಟ್ಯಾಂಕ್ ಪೂರ್ತಿ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡ ಬೆರೆಸಿದ ನೀರಲ್ಲಿ ತೊಳೆಯಿರಿ, ಕೊನೆಗೆ ಬರೀ ನೀರು. ತಕ್ಷಣ ಒಣಗಿಸಬೇಕು. ಸ್ವಲ್ಪ ತಡವಾದರೂ ಬೆಳ್ಳಗಾದ ತಗಡು ಮತ್ತೆ ಕೆಂಪಾಗುತ್ತದೆ. ಬೆಸುಗೆ ಎಲ್ಲ ಮುಗಿದ ಮೇಲೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ತಿರುಗಿಸಿ, ಚೆಲ್ಲಿ.

ಹೋಸ್ ಕೊಳ್ಳುವಾಗ ಎಥನಾಲ್ ಪೆಟ್ರೋಲಿಗೆ ಆಗುವ ಫ್ಯೂಯೆಲ್ ಹೋಸೇ ಕೊಡಿ ಎಂದು ಕೇಳಿ. ಕ್ಲಿಪ್ ಹೊಸದು ಹಾಕಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನದ ನಂತರ:
ಅಣ್ಣಾ, ನಿನ್ನೆ ಹಾಸನಕ್ಕೆ ಹೋಗಿ ಬಂದೆವು. ಎಲ್ಲೂ ನಿಲ್ಲಲಿಲ್ಲ. ಹೆಂಡತಿಯೂ ಬಂದಿದ್ದಳು, ಗುಜರಿ ಮಾತು ಈಗ ಇಲ್ಲ. ಶಿರಾಡಿ ಇಳಿದು ಮಂಗಳೂರಿಗೆ ಹೋಗಬಹುದಾ?

ಉತ್ತರ:
ಅವಸರ ಮಾಡಬೇಡಿ. ಎಷ್ಟು ತೊಳೆದರೂ ಮೂಲೆಯಲ್ಲಿ ತುಕ್ಕು ಉಳಿದಿರುತ್ತದೆ. ಪಂಪಿಗೆ ಮುಂಚೆ ಒಳಗೆ ಕಾಣುವಂಥ ಫಿಲ್ಟರ್ ಹಾಕಿ, ಐನೂರು ಕಿಲೋಮೀಟರ್ ಹತ್ತಿರದಲ್ಲೇ ಓಡಿಸಿ. ಆಮೇಲೆ ಫಿಲ್ಟರ್ ಬಿಚ್ಚಿ ಸ್ಟೀಲ್ ತಟ್ಟೆಗೆ ಬಗ್ಗಿಸಿ, ಫೋಟೋ ಹಾಕಿ. ನೋಡಿ ಹೇಳುತ್ತೇನೆ. ಘಾಟಿ ಇಳಿಯುವ ಮುಂಚೆ ಬ್ರೇಕ್ ಹೋಸ್ ಯಾವ ವರ್ಷದ್ದು ಎಂದೂ ಬರೆಯಿರಿ.